ಪಾಷಾಣದ ಎರಡು ಅವಸ್ಥೆಗಳು

ಪಾಷಾಣವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಕಲ್ಲೆಂದು ಅರ್ಥ. ನಮ್ಮ ಜನರ ಆಡುಮಾತಿನಲ್ಲಿ ವಿಷವೆಂದು ಅರ್ಥ. ಆರ್ಸೆನಿಕ್ ಎಂಬ ಮೂಲವಸ್ತುವಿನ ವಿಷಯದಲ್ಲಿ ಈ ಎರಡು ಅರ್ಥಗಳೂ ದಿಟವಾಗಿವೆ. ಅದು ಭೂಮಿಯೊಳಗಣ ಬಂಡೆಯಲ್ಲಿ ಅಡಗಿರುವ ತನಕ ಕೇವಲ ಕಲ್ಲು. ಬಂಡೆಯಿಂದ ಬಿಡಿಸಿಕೊಂಡು ನೀರಿಗೆ ಇಳಿಯಿತೆಂದರೆ ವಿಷ. ಶಾಲೆಯಲ್ಲಿ ರಸಾಯನಶಾಸ್ತ್ರದ ಪಾಠವನ್ನು ಕಲಿತು ಈಗ ಮನೆವಾರ್ತೆಯನ್ನು ನಡೆಸುತ್ತಿರುವ ಸೋದರಿಯರಿಗೂ, ಹೆಣ್ಣುಮಕ್ಕಳನ್ನು ಓದಿಸುತ್ತಿರುವ ತಾಯಿತಂದೆಗಳಿಗೂ ಈ ವಸ್ತುವಿನ ಗುಣವನ್ನು ತಿಳಿಸುವುದು ಅವಶ್ಯವೆಂದು ತೋರುತ್ತದೆ. ಏಕೆಂದರೆ ಹಳೆಯ ಕಲಬುರಗಿ ಜಿಲ್ಲೆಗೆ ಸೇರಿದ್ದ ನೆಲದಲ್ಲಿಯೇ ಇದು ಕುಡಿಯುವ ನೀರಿನಲ್ಲಿ ಕಂಡುಬಂದಿದೆ.

ಆರ್ಸೆನಿಕ್ಕಿನ ಖನಿಜಗಳು ನಮ್ಮ ದೇಶದವರಿಗೆ ಹೊಸವಲ್ಲ. ಹೊಂಬಣ್ಣದ ಹರಿತಾಳ, ಕೆಂಪುಬಣ್ಣದ ಮನಃಶಿಲೆ, ಬಿಳಿಯ ಶಂಖಪಾಷಾಣ ಎಂಬ ಮೂರನ್ನೂ ವೈದ್ಯರೂ ಚಿತ್ರಕಾರರೂ ಬಹುಕಾಲದಿಂದ ಬಲ್ಲರು. ಕೈಬರಹದ ಪುಸ್ತಕಗಳಲ್ಲಿ ತಪ್ಪಾದ ಅಕ್ಷರವನ್ನು ಮುಚ್ಚುವುದಕ್ಕೆ ಲಿಪಿಕಾರರು ಹರಿತಾಳವನ್ನು ಬಳಿಯುತ್ತಿದ್ದರು. ಹರಿತಾಳವೂ ಮನಃಶಿಲೆಯೂ ಆರ್ಸೆನಿಕ್ ಮತ್ತು ಗಂಧಕ ಇವುಗಳ ಸಂಯುಕ್ತಗಳು. ಶಂಖಪಾಷಾಣವು ಆರ್ಸೆನಿಕ್ ಮತ್ತು ಆಮ್ಲಜನಕ ಇವುಗಳ ಸಂಯುಕ್ತ. ನಾಲ್ಕನೆಯ ಖನಿಜವೊಂದು ಉಂಟು. ಅದರ ಹೆಸರು ಆರ್ಸೆನೋಪೈರೈಟ್. ಅದರಲ್ಲಿ ಕಬ್ಬಿಣ, ಆರ್ಸೆನಿಕ್, ಗಂಧಕ ಈ ಮೂರೂ ಕೂಡಿರುತ್ತವೆ. ಬೆಳ್ಳಿಯಂತೆ ಹೊಳೆಯುವ ಈ ಕಲ್ಲು ಅನೇಕ ಕಡೆಗಳಲ್ಲಿ ಚಿನ್ನದ ಅದಿರಿನ ಜೊತೆಯಲ್ಲಿಯೇ ಇರುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯ ಅದಿರಿನಲ್ಲಿಯೂ ಇದು ಉಂಟು.

ಇನ್ನು ಸಂಯೋಗಶಕ್ತಿಯ ವಿಚಾರ. ಇದನ್ನೇ ವೇಲೆನ್ಸಿ ಎಂದು ಪಾಠದಲ್ಲಿ ಕಲಿತಿದ್ದೇವೆ. ಆರ್ಸೆನಿಕ್ಕಿನ ಪರಮಾಣುಸಂಖ್ಯೆ 33. ಸಾರಜನಕ ಮತ್ತು ರಂಜಕಗಳಂತೆ ಇದರ ಪರಮಾಣುವಿನ ಹೊರಕವಚದಲ್ಲಿಯೂ ಐದು ಇಲೆಕ್ಟ್ರಾನುಗಳಿವೆ. ಆಮ್ಲಜನಕದೊಡನೆ ಕೂಡುವಾಗ ಈ ಐದರಲ್ಲಿ ಮೂರನ್ನು ಮಾತ್ರ ಸಂಯೋಗಕ್ಕೆ ಒಪ್ಪಿಸಿದರೆ ಅದು ತ್ರಿಸಂಯೋಗಿ. ಐದನ್ನೂ ಒಪ್ಪಿಸಿದರೆ ಅದು ಪಂಚಸಂಯೋಗಿ. ಶಂಖಪಾಷಾಣದಲ್ಲಿ ಇರುವುದು ಮೊದಲನೆಯ ಅವಸ್ಥೆ. ಅದು ಇನ್ನಷ್ಟು ಆಮ್ಲಜನಕವನ್ನು ಪಡೆದರೆ ಎರಡನೆಯ ಅವಸ್ಥೆಗೆ ಏರುತ್ತದೆ.

ಈ ಎರಡು ಅವಸ್ಥೆಗಳು ಒಂದೇ ಹರಳಿನಲ್ಲಿ ಜೊತೆಯಾಗಿ ಇರಬಲ್ಲವೇ? ಇರಬಲ್ಲವು. ಎರಡು ಪಾಲು ಆರ್ಸೆನಿಕ್ಕಿಗೆ ನಾಲ್ಕು ಪಾಲು ಆಮ್ಲಜನಕವು ಕೂಡಿದ ಒಂದು ಆಕ್ಸೈಡು ಉಂಟು. ಸೂತ್ರವನ್ನಷ್ಟೇ ನೋಡಿ ಲೆಕ್ಕಮಾಡುವ ವಿದ್ಯಾರ್ಥಿನಿಯು ಇದರಲ್ಲಿ ಆರ್ಸೆನಿಕ್ಕಿನ ಸಂಯೋಗಶಕ್ತಿಯು ನಾಲ್ಕೆಂದು ಬರೆದಾಳು. ಗಣಿತವು ಸರಿ, ಉತ್ತರವು ಸರಿಯಲ್ಲ. ಎಕ್ಸ್‌ಕಿರಣಗಳಿಂದ ಆ ಹರಳನ್ನು ಪರೀಕ್ಷಿಸಿದರೆ ಅದರೊಳಗೆ ಎರಡು ಬಗೆಯ ಪರಮಾಣುಗಳು ಕಾಣುತ್ತವೆ: ಅರ್ಧಪಾಲಿನವು ಮೂರು ಆಮ್ಲಜನಕಗಳೊಡನೆ ಕೂಡಿದ ತ್ರಿಸಂಯೋಗಿಗಳು, ಮಿಕ್ಕ ಅರ್ಧಪಾಲಿನವು ನಾಲ್ಕು ಆಮ್ಲಜನಕಗಳ ನಡುವೆ ಕುಳಿತ ಪಂಚಸಂಯೋಗಿಗಳು. ನಾಲ್ಕೆಂಬುದು ಮೂರು ಮತ್ತು ಐದರ ಸರಾಸರಿಯೇ ಹೊರತು ಅಲ್ಲಿ ಯಾವ ಪರಮಾಣುವಿನ ಸ್ಥಿತಿಯೂ ಅಲ್ಲ. ಇಂತಹವನ್ನು ಮಿಶ್ರಸಂಯೋಗಿ ಸಂಯುಕ್ತಗಳೆಂದು ಕರೆಯಬಹುದು. ಸೃಷ್ಟಿಯಲ್ಲಿ ಇವು ವಿರಳ. ಸ್ವೀಡನ್ ದೇಶದ ಲಾಂಗ್‌ಬಾನ್ ಮತ್ತು ನೂರ್ಡ್‌ಮಾರ್ಕ್ ಎಂಬ ಗಣಿಗಳಲ್ಲಿ ದೊರೆತ ಹೆಮಟೋಲೈಟ್, ಡಿಕ್ಸೆನೈಟ್, ಸಿನಡೆಲ್ಫೈಟ್ ಮೊದಲಾದ ಮ್ಯಾಂಗನೀಸಿನ ಖನಿಜಗಳಲ್ಲಿ ಈ ಎರಡು ಅವಸ್ಥೆಗಳೂ ಒಂದೇ ಮನೆಯಲ್ಲಿ ಒಕ್ಕಲಾಗಿವೆ.

ಸರಾಸರಿಯು ಒಳಗಿನ ಭೇದವನ್ನು ಮರೆಮಾಡುತ್ತದೆ ಎಂಬುದೇ ಈ ಹರಳುಗಳು ಕಲಿಸುವ ನೀತಿ. ದೂರದೇಶದ ಹರಳಿನ ಈ ನೀತಿಯು ನಮ್ಮ ಕೊಡದ ನೀರಿಗೂ ಸಲ್ಲುತ್ತದೆ.

ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಗ್ರಾಮದ ಸುತ್ತಿನಲ್ಲಿ ಚಿನ್ನವುಳ್ಳ ಪ್ರಾಚೀನ ಶಿಲೆಗಳ ಪಟ್ಟಿಯೊಂದು ಹಾದುಹೋಗುತ್ತದೆ. ಇದು ಕಡಲತೀರದ ಮಂಗಳೂರಲ್ಲ. ಅಲ್ಲಿ ಹಿಂದೆ ಚಿನ್ನದ ಗಣಿಯ ಕೆಲಸ ನಡೆದಿತ್ತು. ಅದರ ಸಮೀಪದಲ್ಲಿರುವುದೇ ಕಿರದಳ್ಳಿ ತಾಂಡಾ. 2009ರ ಕೊನೆಯ ವರೆಗೆ ಈ ತಾಲ್ಲೂಕು ಕಲಬುರಗಿ ಜಿಲ್ಲೆಯಲ್ಲಿದ್ದು, ಆಮೇಲೆ ಯಾದಗಿರಿ ಜಿಲ್ಲೆಗೆ ಸೇರಿತು. ಈ ಪ್ರದೇಶದಲ್ಲಿ ನಡೆದ ಪರಿಶೋಧನೆಯ ವರದಿಯು 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನಲ್ಲಿ ನೂರಕ್ಕೆ 79ರಷ್ಟು ಮಾದರಿಗಳು ಲೀಟರಿಗೆ 10 ಮೈಕ್ರೋಗ್ರಾಮೆಂಬ ಮಿತಿಯನ್ನು ಮೀರಿದ್ದವು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಒಂದು ಮೈಕ್ರೋಗ್ರಾಮು. ಅತ್ಯಧಿಕವಾಗಿ ಕಂಡ ಪ್ರಮಾಣವು 303, ಅಂದರೆ ಮಿತಿಯ ಮೂವತ್ತು ಪಟ್ಟು. ವೈದ್ಯರು ನೋಡಿದ 181 ಮಂದಿಯಲ್ಲಿ ನೂರಕ್ಕೆ 58.6ರಷ್ಟು ಜನರ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತುಗಳಿದ್ದವು. ಅಂಗೈ ಅಂಗಾಲುಗಳು ದಡ್ಡುಗಟ್ಟುವುದು, ಮೈಮೇಲೆ ಕಪ್ಪು ಬಿಳುಪು ಚುಕ್ಕೆಗಳು ಮೂಡುವುದು ಈ ರೋಗದ ಲಕ್ಷಣಗಳು. ಬಹುವರ್ಷ ಇದೇ ನೀರನ್ನು ಕುಡಿದವರಲ್ಲಿ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿನ ಭಯವೂ ಹೆಚ್ಚು.

ಕಲ್ಲಿನೊಳಗಿನ ಆರ್ಸೆನಿಕ್ ನೀರಿಗೆ ಬಂದುದು ಹೇಗೆ? ಆರ್ಸೆನೋಪೈರೈಟಿಗೆ ಗಾಳಿಯೂ ನೀರೂ ತಗಲಿದಾಗ ಅದು ಮೆಲ್ಲಮೆಲ್ಲನೆ ಕೊಳೆಯುತ್ತದೆ. ಗಂಧಕವು ಆಮ್ಲವಾಗುತ್ತದೆ, ಕಬ್ಬಿಣವು ತುಕ್ಕಾಗುತ್ತದೆ, ಆರ್ಸೆನಿಕ್ ಮೊದಲು ತ್ರಿಸಂಯೋಗಿಯಾಗಿಯೂ ಆಮೇಲೆ ಪಂಚಸಂಯೋಗಿಯಾಗಿಯೂ ಕರಗುತ್ತದೆ. ಗಣಿಯಲ್ಲಿ ಅದಿರನ್ನು ಪುಡಿಮಾಡಿ ಚಿನ್ನವನ್ನು ತೆಗೆದು ಉಳಿದ ಪುಡಿಯನ್ನು ರಾಶಿಹಾಕಿದರೆ ಈ ಕೆಲಸವು ಇನ್ನೂ ತ್ವರೆಯಾಗುತ್ತದೆ. ಕಿರದಳ್ಳಿಯ ವಿಷಯದಲ್ಲಿ ಬಂಡೆಯ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಮುಂದೆಯೂ ಪರಿಶೋಧನೆ ಬೇಕೆಂದು ಆ ವಿದ್ವಾಂಸರೇ ಬರೆದರು.

ಬಾವಿಯ ನೀರಿನಲ್ಲಿ ಎರಡು ಅವಸ್ಥೆಗಳೂ ಬೆರೆತಿರುವುದುಂಟು. ಪರೀಕ್ಷೆಯ ಪತ್ರದಲ್ಲಿ ಬರುವುದು ಸಾಮಾನ್ಯವಾಗಿ ಒಟ್ಟು ಮೊತ್ತ ಮಾತ್ರ. ಅದರಲ್ಲಿ ಯಾವುದು ಎಷ್ಟೆಂದು ಅದು ಹೇಳುವುದಿಲ್ಲ. ಆದರೆ ನೀರನ್ನು ಶುದ್ಧಿಮಾಡುವವರಿಗೆ ಈ ಭೇದವೇ ಮುಖ್ಯ. ಪಂಚಸಂಯೋಗಿಯು ನೀರಿನಲ್ಲಿ ಋಣವಿದ್ಯುತ್ತನ್ನು ಹೊತ್ತಿರುತ್ತದೆ. ಆದುದರಿಂದ ಕಬ್ಬಿಣದ ತುಕ್ಕಿನ ಕಣಗಳಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಕಮಲಾಪುರದ ಕೆಂಬಾಳೆಯ ತೋಟಗಳ ಕೆಂಪು ಮಣ್ಣನ್ನು ನೋಡಿದವರು ಈ ತುಕ್ಕಿನ ಬಣ್ಣವನ್ನು ಬಲ್ಲರು. ಕೆಂಪು ಮಣ್ಣಿಗೆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡೇ. ಆರ್ಸೆನಿಕ್ಕನ್ನು ಹಿಡಿಯುವ ಅನೇಕ ಸೋಸುಕಗಳಲ್ಲಿ ಇರುವುದೂ ಇದೇ ಜಾತಿಯ ವಸ್ತು. ತ್ರಿಸಂಯೋಗಿಯಾದರೋ ಸಾಧಾರಣವಾದ ಬಾವಿನೀರಿನಲ್ಲಿ ಯಾವ ವಿದ್ಯುತ್ತನ್ನೂ ಹೊರದೆ ಇರುತ್ತದೆ; ಸೋಸುಕದಿಂದ ಸುಲಭವಾಗಿ ನುಸುಳಿಕೊಂಡು ಹೋಗುತ್ತದೆ. ದೇಹಕ್ಕೆ ಹೆಚ್ಚು ಕೇಡು ಮಾಡುವುದೂ ಅದೇ. ಆದಕಾರಣ ಮೊದಲು ಕ್ಲೋರಿನ್ ಮೊದಲಾದುವುಗಳಿಂದ ಅದನ್ನು ಪಂಚಸಂಯೋಗಿಯಾಗಿ ಮಾರ್ಪಡಿಸಿ, ಆಮೇಲೆ ಕಬ್ಬಿಣದ ಸೋಸುಕಕ್ಕೆ ಬಿಡುವುದು ಶಾಸ್ತ್ರೋಕ್ತವಾದ ಕ್ರಮ. ಹಾಗೆಂದು ಪಂಚಸಂಯೋಗಿಯನ್ನು ನಿರಪಾಯವೆಂದು ನಂಬಬಾರದು. ದೇಹದೊಳಗೆ ಅದು ಮತ್ತೆ ತ್ರಿಸಂಯೋಗಿಯಾಗಿ ತಿರುಗುತ್ತದೆ.

ಇಸ್ರಾಯೇಲ್ಯರು ಅರಣ್ಯದಲ್ಲಿ ಮಾರಾ ಎಂಬ ಸ್ಥಳಕ್ಕೆ ಬಂದಾಗ ಅಲ್ಲಿಯ ನೀರು ಕಹಿಯಾಗಿದ್ದುದರಿಂದ ಕುಡಿಯಲಾರದೆ ಹೋದ ವೃತ್ತಾಂತವನ್ನು ಈ ಶಾಲೆಯ ಮಕ್ಕಳೆಲ್ಲರೂ ಓದಿದ್ದಾರೆ. ಅವರ ನಾಲಿಗೆಯೇ ಅವರನ್ನು ಎಚ್ಚರಿಸಿತು. ಆರ್ಸೆನಿಕ್ ಸೇರಿದ ನೀರಿಗೆ ಕಹಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಕುದಿಸಿದರೆ ರೋಗಾಣುಗಳು ಸಾಯುವುವೇ ಹೊರತು ಈ ವಿಷವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣವು ಏರುತ್ತದೆ. ಇಲ್ಲಿ ಎಚ್ಚರಿಸುವುದು ಪರೀಕ್ಷೆಯೊಂದೇ. ನೀರಿನ ಮಾದರಿಗೆ ಆಮ್ಲವನ್ನೂ ಸತುವನ್ನೂ ಹಾಕಿದರೆ ಆರ್ಸೆನಿಕ್ ಜಲಜನಕದೊಡನೆ ಕೂಡಿ ಅನಿಲವಾಗಿ ಮೇಲೇಳುತ್ತದೆ. ಪಾದರಸದ ಬ್ರೋಮೈಡನ್ನು ಲೇಪಿಸಿದ ಕಾಗದದ ತುಂಡಿಗೆ ಆ ಅನಿಲವು ತಗಲಿದಾಗ ಕಾಗದವು ಹಳದಿಯಾಗಿ, ಪ್ರಮಾಣವು ಹೆಚ್ಚಿದ್ದರೆ ಕಂದಾಗಿ ತಿರುಗುತ್ತದೆ. 1836ರಲ್ಲಿ ಜೇಮ್ಸ್ ಮಾರ್ಷ್ ಎಂಬ ಆಂಗ್ಲೇಯ ರಸಾಯನಜ್ಞನು ಪ್ರಕಟಿಸಿದ ಪರೀಕ್ಷೆಯೂ ಇದೇ ಅನಿಲವನ್ನು ಆಧರಿಸಿದ್ದು. ಈ ಅನಿಲವು ಘೋರ ವಿಷವಾದುದರಿಂದ ಮನೆಯಲ್ಲಿ ಯಾರೂ ಈ ಪ್ರಯೋಗಕ್ಕೆ ಕೈಹಾಕಬಾರದು, ಬಲ್ಲವರೇ ಮಾಡತಕ್ಕದ್ದು.

ಇದನ್ನು ಓದಿ ಕಲಬುರಗಿ ನಗರದವರೂ ಕಮಲಾಪುರದವರೂ ದಿಗಿಲುಗೊಳ್ಳಬೇಕಾಗಿಲ್ಲ. ಜಿಲ್ಲೆಯ ಈ ಉತ್ತರಭಾಗದ ನೆಲವು ಬಹುಮಟ್ಟಿಗೆ ದಖ್ಖಣದ ಕರಿಯ ಬಸಾಲ್ಟ್ ಶಿಲೆಯದು. ಸುರಪುರದ ಮತ್ತು ಹಟ್ಟಿಯ ಚಿನ್ನದ ಪಟ್ಟಿಯ ಶಿಲೆಗಳು ಬೇರೆ. ಆದರೆ ನಮ್ಮ ಹೆಣ್ಣುಮಕ್ಕಳು ಮದುವೆಯಾಗಿ, ಇಲ್ಲವೆ ಉಪಾಧ್ಯಾಯಿನಿಯರಾಗಿ, ದಾದಿಯರಾಗಿ ಸುರಪುರ, ಲಿಂಗಸುಗೂರು ಮೊದಲಾದ ಸೀಮೆಗಳಿಗೆ ಹೋಗುತ್ತಾರೆ. ಅಂತಹ ಊರುಗಳಲ್ಲಿ ಕೊಳವೆಬಾವಿಯ ನೀರನ್ನು ಜಿಲ್ಲೆಯ ಕುಡಿಯುವ ನೀರಿನ ಪರೀಕ್ಷಾಲಯಕ್ಕೆ ಕಳುಹಿಸುವಾಗ ಆರ್ಸೆನಿಕ್ಕಿನ ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಬೇಕು. ಸೋಸುಕವನ್ನು ಇಟ್ಟರೆ, ಸೋಸಿದ ನೀರನ್ನೂ ಕಾಲಕಾಲಕ್ಕೆ ಪರೀಕ್ಷಿಸಬೇಕು. ಬಾವಿಯು ಕೆಟ್ಟದ್ದೆಂದು ತಿಳಿದರೆ ಕುಡಿಯುವುದಕ್ಕೂ ಅಡಿಗೆಗೂ ಬೇರೆ ನೀರನ್ನು ಹುಡುಕುವುದೇ ಉತ್ತಮೋತ್ತಮ.

ಇನ್ನೊಂದು ಮಾತು. ಕೈಕಾಲುಗಳಲ್ಲಿ ಇಂತಹ ಗುರುತುಗಳುಳ್ಳವರನ್ನು ಕಂಡು ಕುಷ್ಠವೆಂದೋ ಅಂಟುರೋಗವೆಂದೋ ದೂರವಿಡುವುದು ಅಜ್ಞಾನ. ಈ ರೋಗವು ಒಬ್ಬರಿಂದ ಒಬ್ಬರಿಗೆ ತಗಲುವುದಿಲ್ಲ. ಅವರ ಮಗಳ ಪಕ್ಕದಲ್ಲಿ ನಮ್ಮ ಮಗಳು ಕುಳಿತು ಓದಿದರೆ ಯಾವ ಹಾನಿಯೂ ಇಲ್ಲ. ದೋಷವಿರುವುದು ನೀರಿನಲ್ಲಿ, ನೀರು ಹೊತ್ತವಳಲ್ಲಿ ಅಲ್ಲ. ಇಷ್ಟನ್ನು ನೆರೆಹೊರೆಯವರಿಗೆ ತಿಳಿಸಬಲ್ಲ ವಿದ್ಯಾರ್ಥಿನಿಯು ಪರೀಕ್ಷೆಯಲ್ಲಿ ಪಡೆದ ಅಂಕಗಳಿಗಿಂತ ಹೆಚ್ಚಿನದನ್ನು ಶಾಲೆಯಿಂದ ಕೊಂಡುಹೋದಳೆಂದೇ ಹೇಳಬೇಕು.