ನ್ಯೂಜೆರ್ಸಿಯ ಆಯೋಗ, ಬ್ಯಾಕೋಡಿನ ಸಮಿತಿ

ಪ್ರಶ್ನೆ: ನನ್ನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳಿರುವ ಪಟ್ಟಣಕ್ಕೇ ಒಂದು ಪರಿಸರ ಆಯೋಗ ಇದೆಯಂತೆ. ಊರಿನವರೇ ಸದಸ್ಯರಂತೆ. ಸಸಿ ಹಂಚುತ್ತಾರೆ, ಹೊಳೆದಂಡೆ ಸ್ವಚ್ಛ ಮಾಡುತ್ತಾರೆ, ಹಳೆ ಸಾಮಾನು ರಿಪೇರಿ ಮಾಡಿಕೊಡುವ ಮೇಳ ನಡೆಸುತ್ತಾರೆ, ಮನೆಮಂದಿಯೆಲ್ಲ ಹೋಗಿ ಬರುತ್ತಾರೆ ಎಂದಳು. ನಮ್ಮಂಥ ಹಳ್ಳಿಗೆ ಹೀಗೊಂದು ಸಾಧ್ಯವೇ? ಬೇಕೆಂದರೆ ಯಾರನ್ನು ಕೇಳಬೇಕು?
– ಓದುಗರೊಬ್ಬರು, ಬ್ಯಾಕೋಡು, ಸಾಗರ ತಾಲ್ಲೂಕು

ಉತ್ತರ: ಸಾಧ್ಯವೇ ಎಂದು ಕೇಳಿದ್ದೀರಿ. ಕಾನೂನು ನೋಡಿದರೆ, ಅದು ನಿಮ್ಮ ಪಂಚಾಯಿತಿಯಲ್ಲಿ ಈಗಾಗಲೇ ಇರಲೇಬೇಕು. ಅದರ ಹೆಸರು ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಇಂಥ ಸಮಿತಿ ರಚಿಸಬೇಕೆಂದು ಹೇಳುತ್ತದೆ. ಗ್ರಾಮ ಪಂಚಾಯಿತಿ, ಪುರಸಭೆ, ಮಹಾನಗರ ಪಾಲಿಕೆ ಯಾವುದಕ್ಕೂ ವಿನಾಯಿತಿ ಇಲ್ಲ.

ನಿಮ್ಮ ಮಗಳ ಊರಿನಲ್ಲಿ ಹಾಗಲ್ಲ. ನ್ಯೂಜೆರ್ಸಿ ರಾಜ್ಯ 1968ರಲ್ಲಿ ಮಾಡಿದ ಕಾನೂನು ಪಟ್ಟಣಗಳಿಗೆ ಪರಿಸರ ಆಯೋಗ ಮಾಡಿಕೊಳ್ಳುವ ಅಧಿಕಾರ ಕೊಟ್ಟಿತಷ್ಟೆ, ಕಡ್ಡಾಯ ಮಾಡಲಿಲ್ಲ. ಮೇಯರ್ ನೇಮಿಸುವ ಐದರಿಂದ ಏಳು ಜನ ಇರುತ್ತಾರೆ. ಸಂಬಳವಿಲ್ಲ. ಅವರಲ್ಲಿ ಒಬ್ಬರು ಪಟ್ಟಣದ ಯೋಜನಾ ಮಂಡಳಿಯವರೂ ಆಗಿರಬೇಕು. ನಿಮ್ಮ ಮಗಳ ಕಣ್ಣಿಗೆ ಬಿದ್ದದ್ದು ಸಸಿ ಹಂಚಿಕೆ, ರಿಪೇರಿ ಮೇಳ. ಕಾನೂನು ಆ ಆಯೋಗಕ್ಕೆ ವಹಿಸಿದ ಕೆಲಸ ಬೇರೆ: ಊರಿನ ವ್ಯಾಪ್ತಿಯಲ್ಲಿರುವ ಬಯಲು, ಜವುಗು, ಕೆರೆಕುಂಟೆಗಳನ್ನೆಲ್ಲ, ಅವು ಸರ್ಕಾರದ್ದಿರಲಿ ಖಾಸಗಿಯದ್ದಿರಲಿ, ಪಟ್ಟಿ ಮಾಡಿ ಇಟ್ಟುಕೊಳ್ಳಬೇಕು. ಯಾರಾದರೂ ಅಲ್ಲಿ ಕಟ್ಟಡ ಎಬ್ಬಿಸಲು ಬಂದರೆ ಆ ಪಟ್ಟಿ ಮುಂದಿಟ್ಟುಕೊಂಡು ಮಾತಾಡುತ್ತಾರೆ. ಮೇಳಗಳು ಆಮೇಲಿನ ಮಾತು.

ನಮ್ಮ ಸಮಿತಿಗೂ ಕಾನೂನು ಕೊಟ್ಟ ಮುಖ್ಯ ಕೆಲಸ ಅಂಥದೇ. ಊರಿನ ಗಿಡಮರ, ಬೆಳೆ, ದನಕರು, ಮೀನು, ಹಕ್ಕಿ, ಕೀಟ, ಕಾನು, ಕೆರೆ, ಹಳ್ಳ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ಜನರನ್ನೇ ಕೇಳಿ ಬರೆದಿಡಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಎನ್ನುವುದು ಇದನ್ನೇ. 1990ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಗಾರರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು, ಪಶ್ಚಿಮಘಟ್ಟದ ಹಳ್ಳಿಗಳಲ್ಲಿ ಓಡಾಡಿ ಈ ಕಲ್ಪನೆಗೆ ರೂಪ ಕೊಟ್ಟರು. ಕಾಡಿನ ಬಗ್ಗೆ ಕಾಡಿಗೆ ಹೋಗುವವನಿಗೆ ಗೊತ್ತಿರುವುದು ಬಾಯಿಮಾತಿನಲ್ಲೇ ಉಳಿದು ಅವನೊಡನೆ ಹೋಗಿಬಿಡಬಾರದು, ಅದಕ್ಕೆ ಸರ್ಕಾರಿ ದಾಖಲೆಯ ತೂಕ ಬರಬೇಕು ಎಂಬುದು ಅದರ ಹಿಂದಿದ್ದ ಆಸೆ.

ಆ ಆಸೆ ಎಲ್ಲಿ ಸೊರಗಿತು ಎಂಬುದನ್ನೂ ಹೇಳಬೇಕು. ಕಾಯ್ದೆ ಬಂದು ಹದಿನೈದು ವರ್ಷ ಕಳೆದರೂ ದೇಶದ ಬಹುಪಾಲು ಪಂಚಾಯಿತಿಗಳಲ್ಲಿ ಸಮಿತಿಯೂ ಇರಲಿಲ್ಲ, ದಾಖಲಾತಿಯೂ ಇರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ಪ್ರತಿ ರಾಜ್ಯವೂ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದಿತು. ಆಗ ಎಲ್ಲ ಕಡೆ ಓಡಾಟ ಶುರುವಾಯಿತು. ಈಗ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಿತಿಗಳು ಕಾಗದದ ಮೇಲಿವೆ. ದಂಡದ ಹೆದರಿಕೆಯಲ್ಲಿ ತಿಂಗಳೊಪ್ಪತ್ತಿನಲ್ಲಿ ತುಂಬಿಸಿದ ದಾಖಲಾತಿಯಲ್ಲಿ ಊರಿನ ಅಜ್ಜಿಯ ಮಾತು ಎಷ್ಟಿರುತ್ತದೆ, ಪುಸ್ತಕದಿಂದ ಇಳಿಸಿಕೊಂಡ ಹೆಸರುಗಳು ಎಷ್ಟಿರುತ್ತವೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅದಕ್ಕೇ ನಿಮಗೆ ನಾನು ಹೇಳುವ ಮೊದಲ ಮಾತು: ಹೊಸ ಆಯೋಗ ಕೇಳಬೇಡಿ. ಇರುವ ದಾಖಲಾತಿಯನ್ನು ತೆಗೆಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ.

ಓದಿಸಿದರೆ ಏನಾಗುತ್ತದೆ? ಸಭೆಯಲ್ಲಿ ಯಾರೋ ಎದ್ದುನಿಂತು, ‘ನಮ್ಮ ಹಳ್ಳದ ದಂಡೆಯ ಅಪ್ಪೆಮರ ಇದರಲ್ಲಿ ಇಲ್ಲವಲ್ಲ’ ಎನ್ನುತ್ತಾರೆ. ಕೆಲಸ ಶುರುವಾಗುವುದು ಅಲ್ಲಿಂದ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಪ್ಪೆಮಿಡಿ ಎಂದರೆ ಒಂದೇ ಮಾವಲ್ಲ. ಒಂದೊಂದು ಮರದ ಮಿಡಿಗೂ ಅದರದೇ ಸೊನೆ, ಅದರದೇ ಪರಿಮಳ, ಅದರದೇ ಬಾಳಿಕೆ. ಜೀರಿಗೆಮಿಡಿ, ಅನಂತಭಟ್ಟನ ಅಪ್ಪೆ ಎಂಬ ಹೆಸರುಗಳು ಉಪ್ಪಿನಕಾಯಿ ಹಾಕುವ ಮನೆಗಳಲ್ಲೆಲ್ಲ ಗೊತ್ತು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಮಾನ್ಯತೆಯಿಂದ ಮರ ಉಳಿಯುವುದಿಲ್ಲ. ಮಿಡಿಗೆ ಬೆಲೆ ಬಂದ ವರ್ಷ ಕೊಂಬೆಯನ್ನೇ ಕಡಿದು ಕೆಳಗಿಳಿಸುವವರಿದ್ದಾರೆ. ಯಾವ ಮರ ಎಲ್ಲಿದೆ, ಯಾರು ಮಿಡಿ ಇಳಿಸುತ್ತಾರೆ, ಹೇಗೆ ಇಳಿಸುತ್ತಾರೆ, ಅದರ ಕಸಿ ಯಾರ ತೋಟದಲ್ಲಿದೆ ಎಂದು ಬರೆದಿಟ್ಟರೆ, ಆ ಮರ ಬಿದ್ದರೂ ಅದರ ಸಂತತಿ ಎಲ್ಲಿ ಸಿಗುತ್ತದೆಂದು ಊರಿಗೆ ಗೊತ್ತಿರುತ್ತದೆ.

ಉಪ್ಪಾಗೆಯ ಮಾತು ಇನ್ನೂ ದೊಡ್ಡದು. ತುಪ್ಪಕ್ಕೆ, ಹುಳಿಗೆ ಮನೆಮಟ್ಟಿಗೆ ಬಳಸುತ್ತಿದ್ದ ಕಾಯಿಯ ಸಿಪ್ಪೆ, ಮೈ ಇಳಿಸುವ ಮಾತ್ರೆಗೆ ಬರುತ್ತದೆಂದು 1990ರ ದಶಕದಲ್ಲಿ ಹೊರದೇಶದಿಂದ ಬೇಡಿಕೆ ಬಂತು. ಕಾಯಿ ಹಣ್ಣಾಗುವುದೇ ಮಳೆಗಾಲದಲ್ಲಿ. ಬಿಸಿಲಿಲ್ಲದ ದಿನಗಳಲ್ಲಿ ಸಿಪ್ಪೆ ಒಣಗಿಸಬೇಕಾದರೆ ಬೆಂಕಿ ಬೇಕು, ಬೆಂಕಿಗೆ ಅದೇ ಕಾಡಿನ ಸೌದೆ ಬೇಕು. ‘ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ’ ಎಂಬ ಅವಸರದಲ್ಲಿ ಎಳೆಗಾಯಿಯನ್ನೂ ಬಿಡುವುದಿಲ್ಲ. ಇಂಥ ಕಡೆ ಸಮಿತಿಗೆ ಕಾನೂನು ಒಂದು ಹಿಡಿತ ಕೊಟ್ಟಿದೆ. ಅದೇ 41ನೇ ಕಲಮಿನ ಮೂರನೇ ಉಪಕಲಮಿನ ಪ್ರಕಾರ, ವ್ಯಾಪಾರಕ್ಕಾಗಿ ತನ್ನ ವ್ಯಾಪ್ತಿಯ ಜೀವಸಂಪನ್ಮೂಲ ಒಯ್ಯುವವರಿಂದ ಸಮಿತಿ ಶುಲ್ಕ ವಸೂಲಿ ಮಾಡಬಹುದು. ಶುಲ್ಕ ಕೇಳಬೇಕಾದ್ದು ಬುಟ್ಟಿ ಹೊತ್ತು ತರುವ ಹೆಂಗಸರನ್ನಲ್ಲ, ಲಾರಿ ತುಂಬಿಸುವ ವ್ಯಾಪಾರಿಯನ್ನು. ಅದು ಸ್ಥಳೀಯ ಜೀವವೈವಿಧ್ಯ ನಿಧಿಗೆ ಸೇರುತ್ತದೆ, ಆ ದುಡ್ಡಿನಲ್ಲಿ ಕಡಿಮೆ ಸೌದೆ ತಿನ್ನುವ ಒಲೆ ಮಾಡಿಸಬಹುದು. ಒಂದು ಎಚ್ಚರ: ನಿಮ್ಮ ಸುತ್ತಮುತ್ತ ಶರಾವತಿ ಕಣಿವೆಯ ಅಭಯಾರಣ್ಯವಿದೆ. 2019ರಲ್ಲಿ ಅದರ ಎಲ್ಲೆ ಹಿಗ್ಗಿ ಸಿಂಗಳೀಕದ ಹೆಸರೂ ಅದಕ್ಕೆ ಸೇರಿತು. ಅಭಯಾರಣ್ಯದೊಳಗಿನ ಉತ್ಪನ್ನಕ್ಕೆ ವನ್ಯಜೀವಿ ಕಾನೂನು ಮತ್ತು ಸುಪ್ರೀಂ ಕೋರ್ಟಿನ ಆದೇಶಗಳು ಅನ್ವಯಿಸುತ್ತವೆ, ಅಲ್ಲಿ ಪಂಚಾಯಿತಿ ಸಮಿತಿಯ ಮಾತು ನಡೆಯದು. ಯಾವ ಗುಡ್ಡ ಯಾವ ಲೆಕ್ಕದ್ದು, ಸೊಪ್ಪಿನಬೆಟ್ಟ ಎಲ್ಲಿಂದ ಎಲ್ಲಿಗೆ, ಕಾನು ಯಾವುದು, ಕಂದಾಯ ಭೂಮಿ ಯಾವುದು ಎಂದು ನಕ್ಷೆ ಹಾಕಿಕೊಳ್ಳುವುದೇ ಅದಕ್ಕೆ ಮೊದಲ ಕೆಲಸ.

ಬ್ಯಾಕೋಡು, ತುಮರಿ ಕಡೆಗೆ ಈ ದಾಖಲಾತಿ ಬೇರೆ ಊರುಗಳಿಗಿಂತ ಹೆಚ್ಚು ಬೇಕು ಎಂದು ನಾನು ನಂಬುವುದಕ್ಕೆ ಕಾರಣ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ಮನೆ, ದೇವರಬನ ಎಲ್ಲ ಅಡಿಗೆ ಹೋದವು. ನಿಮ್ಮ ಕರೂರು ಸೀಮೆ ನೀರಾಚೆ ಒಂಟಿಯಾಯಿತು. ಆ ಕಣಿವೆಯಲ್ಲಿ ಯಾವ ಭತ್ತ ಬೆಳೆಯುತ್ತಿದ್ದರು, ಹೊಳೆಯಲ್ಲಿ ಯಾವ ಮೀನು ಯಾವ ಮಡುವಿನಲ್ಲಿ ಸಿಗುತ್ತಿತ್ತು ಎಂದು ಯಾರೂ ಬರೆದಿಡಲಿಲ್ಲ. ಆಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರನ್ನು ಕೂರಿಸಿ ಕೇಳುವುದಕ್ಕೆ ಇನ್ನು ಹೆಚ್ಚು ಕಾಲವಿಲ್ಲ. ಈ ಮಳೆಗಾಲ ಮುಗಿಯುವುದನ್ನೂ ಕಾಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಈಗ ನೀರಿನ ಮೇಲೆ ಸೇತುವೆ ಬಂದಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಬಸುರಿಯನ್ನು, ರೋಗಿಯನ್ನು ರಾತ್ರಿ ಹೊತ್ತು ಲಾಂಚಿಲ್ಲದೆ ದಡದಲ್ಲಿ ಕೂರಿಸಿಕೊಂಡಿದ್ದವರಿಗೆ ಅದರ ಬೆಲೆ ಗೊತ್ತು. ಸಿಗಂದೂರು ದೇವಸ್ಥಾನಕ್ಕೆ ಬರುವ ವಾಹನಗಳಿಗೂ ಈಗ ಸರದಿ ಕಾಯುವ ತಾಪತ್ರಯವಿಲ್ಲ. ಅವುಗಳ ಜೊತೆಗೆ ಬರುವ ನೀರಿನ ಬಾಟಲಿ, ಕುರುಕಲು ತಿಂಡಿಯ ಪ್ಯಾಕೆಟ್ಟು ಹಿನ್ನೀರ ದಂಡೆಗೆ ಬೀಳಬಾರದೆಂದರೆ ಸಮಿತಿಯೊಂದೇ ಸಾಲದು. ಒಣಕಸ ವಿಂಗಡಿಸುವ ‘ಸ್ವಚ್ಛ ಸಂಕೀರ್ಣ’ಗಳನ್ನು ನಮ್ಮ ರಾಜ್ಯದ ಎಷ್ಟೋ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ನಡೆಸುತ್ತಿದ್ದಾರೆ. ಏಕಬಳಕೆಯ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶವ್ಯಾಪಿ ನಿಷೇಧವೂ ಇದೆ. ರಸ್ತೆ ಬದಿ ಅಂಗಡಿಗಳಿಗೆ ಪರವಾನಗಿ ಕೊಡುವುದು ಪಂಚಾಯಿತಿಯೇ ಆದ್ದರಿಂದ ಈ ವಿಷಯದಲ್ಲಿ ಅದಕ್ಕಿರುವ ಬಲ ದೊಡ್ಡದು.

ದಾಖಲಾತಿ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಅಂಬಾರಗುಡ್ಡ ನಿಮ್ಮ ತಾಲ್ಲೂಕಿನದೇ. ಶರಾವತಿ ಮತ್ತು ಸೋಮೇಶ್ವರ ಅಭಯಾರಣ್ಯಗಳ ನಡುವಿನ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಆ ಕಂದಾಯ ಭೂಮಿಯನ್ನು ಗಣಿಯಿಂದ ಉಳಿಸಿಕೊಳ್ಳಲು ಸುತ್ತಲಿನ ಹಳ್ಳಿಯವರು ಹೋರಾಡಿದರು. 2011ರಲ್ಲಿ ಅಲ್ಲಿನ 3,857 ಹೆಕ್ಟೇರ್, ಎಂದರೆ ಸುಮಾರು ಒಂಬತ್ತೂವರೆ ಸಾವಿರ ಎಕರೆ, ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಕಾಯ್ದೆಯ 37ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ಇಂಥ ಘೋಷಣೆ ಮಾಡುತ್ತದೆ. ಸಮಾಲೋಚನೆಗೆ ಬಂದವರಿಗೆ ‘ನಮ್ಮ ಗುಡ್ಡ ಚೆನ್ನಾಗಿದೆ’ ಎಂದರೆ ಸಾಲದು, ಅಲ್ಲಿ ಏನೇನಿದೆ ಎಂದು ತೋರಿಸಬೇಕು. ಈಗ ತಳಕಳಲೆ–ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ನಡೆದಿದೆ. ಇಂಥ ಯೋಜನೆಗಳ ಪರಿಸರ ಪರಿಣಾಮದ ವರದಿಯನ್ನು ಯೋಜನೆಯವರು ಗೊತ್ತುಮಾಡಿದ ಸಲಹಾ ಸಂಸ್ಥೆಯೇ ಬರೆಯುತ್ತದೆ. ಅದರಲ್ಲಿ ಬಿಟ್ಟುಹೋದದ್ದನ್ನು ಅಹವಾಲು ಸಭೆಯಲ್ಲಿ ಎತ್ತಿ ತೋರಿಸಲು ಕಣಿವೆಯ ಪ್ರತಿ ಪಂಚಾಯಿತಿಯ ಕೈಯಲ್ಲೂ ತನ್ನದೇ ಬರಹ ಇರಬೇಕು.

ಇನ್ನು ಮೇಳದ ಮಾತು. ನಮ್ಮಲ್ಲಿ ಪರಿಸರ ಕಾರ್ಯಕ್ರಮವೆಂದರೆ ಜೂನ್ 5ರ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವ, ಒಂದು ಸಸಿ, ಅದರ ಸುತ್ತ ಹತ್ತು ಜನ, ಒಂದು ಫೋಟೋ. ಸಸಿ ನೆಡುವುದು ಬೇಡವೆನ್ನುವುದಿಲ್ಲ. ಆದರೆ ಮಲೆನಾಡಿನ ಗುಡ್ಡಗಳಿಗೆ ದಶಕಗಳ ಕಾಲ ಅಕೇಶಿಯಾ ನೆಟ್ಟು, ಆಮೇಲೆ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಜನ ಬೀದಿಗಿಳಿಯಬೇಕಾಯಿತು. ಏನು ನೆಡಬೇಕು, ಎಲ್ಲಿ ನೆಡಲೇಬಾರದು ಎಂದು ಗೊತ್ತಾಗುವುದಕ್ಕೂ ಮೊದಲು ಏನಿತ್ತೆಂದು ಗೊತ್ತಿರಬೇಕು. ಹುಲ್ಲುಗಾವಲಿಗೆ ಗಿಡ ನೆಟ್ಟರೆ ಅದು ಹುಲ್ಲುಗಾವಲನ್ನು ಕೊಂದಂತೆಯೇ.

ನನ್ನನ್ನು ಕೇಳಿದರೆ, ನಿಮ್ಮ ಸೀಮೆಯ ದೊಡ್ಡ ಪರಿಸರ ಮೇಳ ಯಾವ ಇಲಾಖೆಯ ಆದೇಶವೂ ಇಲ್ಲದೆ ನಡೆದುಬಂದಿದೆ. ಅದು ಭೂಮಿ ಹುಣ್ಣಿಮೆ. ಆಶ್ವಯುಜದ ಹುಣ್ಣಿಮೆಗೆ, ಹೊಡೆ ತುಂಬಿದ ಭತ್ತದ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆ ಊಟ ಬಡಿಸುವ ಹಬ್ಬ. ದೀವರ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ, ಗುರಿಗೆಕಾಯಿಯ ಹಳದಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಬೇಲಿಸಾಲು, ಗದ್ದೆಬದು, ಕಾಡಂಚು ಸುತ್ತಿ ತಂದ ಬಗೆಬಗೆಯ ಸೊಪ್ಪನ್ನು ಬೇಯಿಸಿ, ಬೆಳಕು ಹರಿಯುವ ಮೊದಲೇ ಗದ್ದೆಗೆ ಒಯ್ದು ಚರಗ ಬೀರುತ್ತಾರೆ. ಆ ಬೆರಕೆ ಸೊಪ್ಪಿನಲ್ಲಿ ಎಷ್ಟು ಬಗೆ ಸೇರಿತು, ಅಮ್ಮನ ಕಾಲದಲ್ಲಿ ಸಿಗುತ್ತಿದ್ದ ಯಾವುದು ಈ ಸಲ ಸಿಗಲಿಲ್ಲ, ಗುರಿಗೆಯ ಮರ ಹುಡುಕಿಕೊಂಡು ಎಷ್ಟು ದೂರ ಹೋಗಬೇಕಾಯಿತು ಎಂಬುದು ಪ್ರತಿ ವರ್ಷವೂ ಆ ಮನೆಯ ಹೆಂಗಸರಿಗೆ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಜೀವವೈವಿಧ್ಯದ ಗಣತಿಯನ್ನು ನಾನು ಕಂಡಿಲ್ಲ. ಹಬ್ಬದ ಹಿಂದಿನ ದಿನ ಸೊಪ್ಪು ಕೊಯ್ಯಲು ಹೊರಟವರ ಜೊತೆ ಹೈಸ್ಕೂಲಿನ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಹೋಗಲಿ. ಹೆಸರು, ಸಿಕ್ಕಿದ ಜಾಗ, ಹೇಳಿದವರ ಮಾತು, ಇಷ್ಟು ಬರೆದುಕೊಂಡರೆ ಸಾಕು. ಮರುವರ್ಷ ಅದೇ ದಾರಿಯಲ್ಲಿ ಮತ್ತೆ ಹೋಗಲಿ. ಹಬ್ಬವನ್ನು ಸರ್ಕಾರಿ ವೇದಿಕೆಗೆ ಎಳೆತರುವುದು ಮಾತ್ರ ಬೇಡ, ಅದು ಆ ಮನೆಗಳ ಪೂಜೆ.

ರಿಪೇರಿ ಮೇಳವನ್ನೂ ಮಾಡಿ, ಒಳ್ಳೆಯದೇ.

ಯಾರನ್ನು ಕೇಳಬೇಕು ಎಂಬುದಕ್ಕೆ ಬರುತ್ತೇನೆ. ಮೊದಲು ಪಂಚಾಯಿತಿಯ ಪಿಡಿಒ ಅವರಿಗೆ ಒಂದು ಪತ್ರ ಬರೆಯಿರಿ: ಸಮಿತಿಯ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು, ದಾಖಲಾತಿಯ ಪ್ರತಿ ನೋಡಲು ಯಾವ ದಿನ ಬರಬಹುದು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಪಿಡಿಒ ಅವರ ಮೇಜಿನ ಮೇಲೆ ಇಂಥ ಹತ್ತಾರು ಸಮಿತಿಗಳ ಕಡತ ಇರುತ್ತದೆ, ಜಗಳಕ್ಕಿಂತ ಜೊತೆಗೆ ಕೂತು ಬರೆಯುವವರು ಅವರಿಗೆ ಬೇಕು. 2023ರ ತಿದ್ದುಪಡಿಯ ಪ್ರಕಾರ ಸಮಿತಿಯಲ್ಲಿ ಏಳಕ್ಕೆ ಕಡಿಮೆಯಿಲ್ಲದೆ, ಹನ್ನೊಂದಕ್ಕೆ ಹೆಚ್ಚಿಲ್ಲದೆ ಸದಸ್ಯರಿರಬೇಕು. ಜಾಗ ಖಾಲಿ ಇದ್ದರೆ ಗ್ರಾಮಸಭೆಯಲ್ಲಿ ಹೆಸರು ಸೂಚಿಸಿ. ನಾಟಿ ವೈದ್ಯರು, ಹಿನ್ನೀರಲ್ಲಿ ಬಲೆ ಬೀಸುವವರು, ಜೇನು ಇಳಿಸುವವರು, ಸೊಪ್ಪಿನ ಬಗೆ ಬಲ್ಲ ಹೆಂಗಸರು ಅಲ್ಲಿರಬೇಕು. ಅಡಿಕೆ ತೋಟದವರೂ ಇರಲಿ, ಎಲೆಚುಕ್ಕಿ ರೋಗ ಯಾವ ವರ್ಷ ಯಾವ ತೋಟಕ್ಕೆ ಇಳಿಯಿತು ಎಂಬುದೂ ದಾಖಲಾತಿಗೆ ಸೇರುವ ವಿಷಯವೇ.

ನಾಟಿ ವೈದ್ಯರು ಔಷಧಿಯ ಗುಟ್ಟು ಹೇಳಲು ಹಿಂಜರಿದರೆ ಒತ್ತಾಯ ಮಾಡಬೇಡಿ. ಗುಟ್ಟಾಗಿಡಬೇಕೆಂದು ಹೇಳಿದವರ ಮಾಹಿತಿಯನ್ನು ಬಹಿರಂಗಪಡಿಸದೆ ಇಡಲು ದಾಖಲಾತಿಯ ಮಾರ್ಗಸೂಚಿಯಲ್ಲೇ ಅವಕಾಶವಿದೆ. ಗಿಡದ ಹೆಸರು, ಅದು ಬೆಳೆಯುವ ಜಾಗ, ಹತ್ತು ವರ್ಷದ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದಷ್ಟೇ ಕೇಳಿ ಬರೆದುಕೊಳ್ಳಿ. ಯಾವ ಕಾಯಿಲೆಗೆ ಹೇಗೆ ಕೊಡುತ್ತಾರೆ ಎಂಬುದು ಅವರ ಬಳಿಯೇ ಇರಲಿ.