ಜಾಹೀರಾತಿನ ಲುಪ್ತೋಪಮೆ

ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳಲ್ಲಿ ಒಂದು ಲೋಪವಾದರೂ ಅದು ಲುಪ್ತೋಪಮೆ. ಕಾವ್ಯದಲ್ಲಿ ಈ ಲೋಪವನ್ನು ಸಹೃದಯನು ತುಂಬಿಕೊಳ್ಳುತ್ತಾನೆ. ಜಾಹೀರಾತಿನಲ್ಲಿ ಅದೇ ಲೋಪ ಓದುಗನನ್ನು ವಂಚಿಸುತ್ತದೆ.

ಕಾಸರಗೋಡಿನ ಸರಕಾರಿ ಶಾಲೆಗಳಲ್ಲಿ ಕಲಿತವರಿಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಪರಿಚಿತ. ಅದಕ್ಕೆ ವಿಂಡೋಸ್‌ಗಿಂತ 10 ಪಟ್ಟು ಹೆಚ್ಚು ವೆಚ್ಚವೆಂದು ಮೈಕ್ರೋಸಾಫ್ಟ್ ಬ್ರಿಟನ್ನಿನಲ್ಲಿ ಸಾರಿತ್ತು. 2004ರಲ್ಲಿ ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರವು ಈ ಮಾತು ದಾರಿತಪ್ಪಿಸುವಂಥದೆಂದು ತೀರ್ಮಾನಿಸಿತು. ಲಿನಕ್ಸನ್ನು ದುಬಾರಿ ಮೇನ್‌ಫ್ರೇಮ್ ಯಂತ್ರದಲ್ಲಿಯೂ ವಿಂಡೋಸನ್ನು ಅಗ್ಗದ ಯಂತ್ರದಲ್ಲಿಯೂ ಅಳೆಯಲಾಗಿತ್ತು. ಲೋಪವಾದುದು ಸಮಾನಧರ್ಮ.

ಅಂಕಪಟ್ಟಿ, ಬ್ಯಾಂಕ್ ಲೆಕ್ಕಗಳನ್ನು ಕಾಪಾಡುವ ಡೇಟಾಬೇಸ್‌ಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ‘ಉಚಿತವಾದುದು ನಂಬಲರ್ಹವಲ್ಲ’ ಎಂಬ ಮಾತು ಬೆಲೆಯನ್ನು ತೋರಿಸಿ ವಿಶ್ವಾಸಾರ್ಹತೆಯನ್ನು ಅಳೆಯುತ್ತದೆ. ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್, ವ್ಯಾಪಾರಿಯು ದಿನವಹಿಯಲ್ಲಿ ಬರೆದ ಬಳಿಕ ಖಾತೆಗೆ ಏರಿಸುವಂತೆ, ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್ ಕಡತದಲ್ಲಿ ದಾಖಲಿಸುತ್ತದೆ. ವಿದ್ಯುತ್ ಹೋಗಿ ಯಂತ್ರ ನಿಂತರೆ ಆ ದಾಖಲೆಯಿಂದಲೇ ಚೇತರಿಸಿಕೊಳ್ಳುತ್ತದೆ. ಇಂಥ ರಕ್ಷಣೆಯನ್ನು ಸಡಿಲಿಸಿದ ಪ್ರತಿಸ್ಪರ್ಧಿಯೊಂದು ‘ನಾವೇ ವೇಗಿಗಳು’ ಎಂದರೆ, ಆ ವೇಗದ ಬೆಲೆ ಹೋಲಿಕೆಯಲ್ಲಿ ಕಾಣಿಸದು.

ಹೋಲಿಕೆ ಎದುರಾದಾಗ ಅಲಂಕಾರಶಾಸ್ತ್ರದ ವಿದ್ಯಾರ್ಥಿ ಮೊದಲು ಅಂಗಗಳನ್ನು ಎಣಿಸಬೇಕು; ಇಲ್ಲದ ಅಂಗ ಯಾವುದೆಂದು ಕೇಳಬೇಕು.