ದೇಹವೆಂಬ ಅಮಾನತ್ತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಕುಸ್ತಿಗೆ ಗೌರವವಿದೆ. ಇಸ್ಲಾಮ್ ಕೂಡ ದೇಹಬಲವನ್ನು ಮೆಚ್ಚುತ್ತದೆ. ಆದರೆ ಸೂಜಿ, ಗುಳಿಗೆಗಳಿಂದ ಬಲ ತಂದುಕೊಳ್ಳುವ ತರುಣರು ಒಂದು ವಿಷಯ ಅರಿಯಬೇಕು.

ಅನಬಾಲಿಕ್ ಸ್ಟೀರಾಯ್ಡ್ ಪುರುಷ ಹಾರ್ಮೋನಿನ ಕೃತಕ ರೂಪ. ಅದು ಸ್ನಾಯು ಬೆಳೆಸುತ್ತದೆ. ಹಾರ್ಮೋನಿನ ಕೊರತೆ, ತಡವಾದ ಪ್ರೌಢತೆ ಮುಂತಾದವುಗಳಿಗೆ ವೈದ್ಯರು ಅದನ್ನು ಅಳೆದು ಕೊಡುತ್ತಾರೆ. ಅದು ಚಿಕಿತ್ಸೆ; ಧರ್ಮಸಮ್ಮತ. ಉಬ್ಬಸಕ್ಕೆ ಕೊಡುವ ಸ್ಟೀರಾಯ್ಡ್ ಬೇರೆಯೇ ಜಾತಿಯದು. ಹೆದರಿ ಅದನ್ನು ನಿಲ್ಲಿಸಬಾರದು.

ಅಗತ್ಯವಿಲ್ಲದೆ ತೆಗೆದುಕೊಂಡರೆ? ಹಾರ್ಮೋನು ಹೊರಗಿನಿಂದ ಬಂದಾಗ ಮಿದುಳು ವೃಷಣಗಳಿಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗಿ ವೀರ್ಯಾಣು ಇಳಿಯುತ್ತದೆ, ಸಂತಾನಕ್ಕೆ ಕುತ್ತು ಬರುತ್ತದೆ. ಎದೆ ಹೆಣ್ಣಿನಂತೆ ಬೆಳೆಯಬಹುದು. ಹೃದಯ, ಯಕೃತ್ತುಗಳಿಗೆ ಹಾನಿ. ಎಳೆಯರ ಎಲುಬು ಬೇಗ ಬಲಿತು ಎತ್ತರ ನಿಂತುಬಿಡಬಹುದು.

2011ರಲ್ಲಿ ಕರ್ನಾಟಕದ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯವರ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಕಂಡುಬಂತು. ತರಬೇತುದಾರರು ಕೊಟ್ಟ ಜಿನ್ಸೆಂಗ್‌ನಿಂದ ಬಂದುದೆಂದು ಅವರು ಹೇಳಿದರೂ ಎರಡು ವರ್ಷ ನಿಷೇಧವಾಯಿತು. ಆದ್ದರಿಂದ ಏನೆಂದು ತಿಳಿಯದ ಪುಡಿ, ಗುಳಿಗೆಗಳನ್ನು ಯಾರು ಕೊಟ್ಟರೂ ಸೇವಿಸಬೇಡಿ.

ಸಹೋದರರೇ, ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ) ಕಲಿಸಿದರು. ಎದುರಾಳಿಯನ್ನು ಕೆಡವಿದವನಿಗಿಂತ ಕೋಪದಲ್ಲಿ ತನ್ನನ್ನು ತಡೆದವನನ್ನೇ ಅವರು ಬಲಶಾಲಿಯೆಂದರು. ಆ ಬಲಕ್ಕೆ ಸೂಜಿ ಬೇಕಿಲ್ಲ. ಈ ಅಮಾನತ್ತಿನ ಲೆಕ್ಕವನ್ನು ಅಲ್ಲಾಹನಿಗೆ ಒಪ್ಪಿಸಲಿಕ್ಕಿದೆ.